ಸೌರಫಲಕದ ಗಾಜು: ಖರೀದಿಯ ದಿನವೇ ಕೇಳಬೇಕಾದ ಪ್ರಶ್ನೆ

ಕೊಡಗಿನಲ್ಲಿ ಸೌರಫಲಕ ಇಂದು ಅಪರೂಪದ ವಸ್ತುವಲ್ಲ. ಕಾಡಾನೆಗಳನ್ನು ತಡೆಯಲು ತೋಟದ ಅಂಚಿನಲ್ಲಿ ಹಾಕಿದ ಸೋಲಾರ್ ಬೇಲಿ, ಹೋಂಸ್ಟೇಗಳ ಮಹಡಿ, ಪೇಟೆಯ ಅಂಗಡಿಗಳ ಮಾಳಿಗೆ, ಕಾಫಿ ಸಂಸ್ಕರಣಾ ಘಟಕಗಳ ಶೀಟಿನ ಚಾವಣಿ, ಹೀಗೆ ಎಲ್ಲೆಡೆ ಅದರ ಬಳಕೆ ಹಬ್ಬಿದೆ. ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ಆರಂಭಿಸಿದ ‘ಪ್ರಧಾನ ಮಂತ್ರಿ ಸೂರ್ಯ ಘರ್ ಮುಫ್ತ್ ಬಿಜಲಿ ಯೋಜನೆ’ಯಡಿ ಮನೆಯ ಮಹಡಿಯ 3 ಕಿಲೋವ್ಯಾಟ್ ಘಟಕಕ್ಕೆ ರೂ. 78,000 ಸಹಾಯಧನ ನಿಗದಿಯಾಯಿತು. 2021ರ ಅಕ್ಟೋಬರ್‌ನಿಂದ ಶೇ. 12ರಷ್ಟಿದ್ದ ಜಿ.ಎಸ್.ಟಿ. ದರವು 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಯಿತು. ಬೇಡಿಕೆ ಹೆಚ್ಚಲು ಇಷ್ಟು ಸಾಕು.

ಫಲಕ ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ನಾಲ್ಕು: ವ್ಯಾಟ್ ಎಷ್ಟು, ದರ ಎಷ್ಟು, ವಾರಂಟಿ ಎಷ್ಟು ವರ್ಷ, ಸಹಾಯಧನ ಸಿಗುತ್ತದೆಯೇ. ಫಲಕದ ತೂಕದಲ್ಲಿ ಮುಕ್ಕಾಲು ಪಾಲಿಗೆ ಸಮೀಪವಾದ ಭಾಗ ಗಾಜು. ಆ ಗಾಜಿನಲ್ಲಿ ಏನಿದೆ ಎಂಬ ಐದನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಇಪ್ಪತ್ತೈದು ವರ್ಷಗಳ ನಂತರ ಆ ಗಾಜು ಮಾರಾಟವಾಗುವ ಸರಕಾಗುತ್ತದೆಯೋ, ಕಾಸು ಕೊಟ್ಟು ಸಾಗಹಾಕಬೇಕಾದ ಕಸವಾಗುತ್ತದೆಯೋ ಎಂಬುದನ್ನು ಬಹುಮಟ್ಟಿಗೆ ಈ ಪ್ರಶ್ನೆಯ ಉತ್ತರವೇ ನಿರ್ಧರಿಸುತ್ತದೆ.

ಆಂಟಿಮನಿ ಸೇರಿಸುವುದೇಕೆ?

ಸೌರಫಲಕಕ್ಕೆ ಹೊದಿಸುವ ಗಾಜು ಕಿಟಕಿಯ ಗಾಜಿನಂಥದಲ್ಲ. ಕಿಟಕಿ ಗಾಜಿನ ಅಂಚನ್ನು ನೋಡಿದರೆ ಹಸಿರು ಛಾಯೆ ಕಾಣುತ್ತದೆ. ಮರಳಿನಲ್ಲಿರುವ ಕಬ್ಬಿಣದ ಅಂಶವೇ ಅದಕ್ಕೆ ಕಾರಣ. ಆ ಕಬ್ಬಿಣ ಬೆಳಕಿನ ಒಂದು ಭಾಗವನ್ನು ಹೀರಿಕೊಳ್ಳುವುದರಿಂದ ವಿದ್ಯುತ್ ಉತ್ಪಾದನೆ ಕುಗ್ಗುತ್ತದೆ. ಆದುದರಿಂದ ಸೌರಗಾಜಿಗೆ ಕಬ್ಬಿಣದ ಅಂಶ ಅತಿ ಕಡಿಮೆ ಇರುವ ಮರಳನ್ನು ಆರಿಸಲಾಗುತ್ತದೆ. ಆದರೂ ಸ್ವಲ್ಪ ಕಬ್ಬಿಣ ಉಳಿದೇ ಉಳಿಯುತ್ತದೆ. ಇದರ ಜೊತೆಗೆ ಕುಲುಮೆಯಲ್ಲಿ ಕರಗಿದ ಗಾಜಿನೊಳಗೆ ಸಣ್ಣ ಗಾಳಿಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ.

ಈ ಎರಡೂ ತೊಂದರೆಗಳಿಗೆ ಗಾಜಿನ ಉದ್ಯಮವು ಬಹುಕಾಲದಿಂದ ಬಳಸುತ್ತ ಬಂದ ಪರಿಹಾರ ಆಂಟಿಮನಿ. ಹಿಂದಿನ ಕಾಲದಲ್ಲಿ ಕಣ್ಣಿನ ಅಂಜನಕ್ಕೆ ಬಳಕೆಯಾಗುತ್ತಿದ್ದ ಖನಿಜದ ಲೋಹವಿದು. ಸೋಡಿಯಂ ಆಂಟಿಮನೇಟ್ ಅಥವಾ ಆಂಟಿಮನಿ ಟ್ರೈಆಕ್ಸೈಡ್ ರೂಪದಲ್ಲಿ ಇದನ್ನು ಕಚ್ಚಾ ಸಾಮಗ್ರಿಯೊಂದಿಗೆ ಸೇರಿಸಿದಾಗ ಕರಗಿದ ಗಾಜಿನಲ್ಲಿ ಆಮ್ಲಜನಕ ಬಿಡುಗಡೆಯಾಗಿ ಗುಳ್ಳೆಗಳು ಮೇಲೆದ್ದು ಹೊರಬೀಳುತ್ತವೆ. ಉಳಿದ ಕಬ್ಬಿಣವೂ ಬೆಳಕನ್ನು ಕಡಿಮೆ ಹೀರುವ ರೂಪಕ್ಕೆ ತಿರುಗುತ್ತದೆ. ಹೀಗೆ ತಯಾರಾದ ಗಾಜಿನಲ್ಲಿ ತೂಕದ ಶೇ. 0.2ರಿಂದ 0.3ರಷ್ಟು ಆಂಟಿಮನಿ ಉಳಿಯುತ್ತದೆ.

ಗಾಜಿನ ಉದ್ಯಮಕ್ಕೆ ಇಂತಹ ಬದಲಾವಣೆ ಹೊಸತೇನಲ್ಲ. ಗುಳ್ಳೆ ತೆಗೆಯಲು ಹಿಂದೆ ಆರ್ಸೆನಿಕ್, ಅಂದರೆ ಪಾಷಾಣವನ್ನೇ ಬಳಸುತ್ತಿದ್ದ ಕಾಲವಿತ್ತು. ಕಾರ್ಮಿಕರ ಆರೋಗ್ಯ ಹಾಗೂ ಪರಿಸರದ ಕಾರಣದಿಂದ ಅದರ ಬಳಕೆ ಹಿಂದೆ ಸರಿಯಿತು. ಇಂದು ಅದೇ ಪ್ರಶ್ನೆ ಆಂಟಿಮನಿಯ ಬಾಗಿಲಿಗೆ ಬಂದಿದೆ.

ಅಪಾಯದ ನಿಜವಾದ ಪ್ರಮಾಣ

ಈ ವಿಷಯದಲ್ಲಿ ಗಾಬರಿಗೂ ಉದಾಸೀನಕ್ಕೂ ಅವಕಾಶ ಕೊಡದೆ ತೂಕದಿಂದ ನೋಡುವುದು ಅಗತ್ಯ. ಚಾವಣಿಯ ಮೇಲೆ ಇಡಿಯಾಗಿ ನಿಂತಿರುವ ಫಲಕದಿಂದ ಮನೆಯವರಿಗಾಗಲಿ, ಮಳೆನೀರು ಸಂಗ್ರಹಿಸುವವರಿಗಾಗಲಿ ಭಯವಿಲ್ಲ. ಆಂಟಿಮನಿಯು ಗಾಜಿನ ರಚನೆಯೊಳಗೆ ಬಂಧಿಯಾಗಿರುತ್ತದೆ. ಈಗಾಗಲೇ ಅಳವಡಿಸಿರುವ ಫಲಕಗಳನ್ನು ಇಳಿಸುವ ಕಾರಣವೂ ಇಲ್ಲ.

ತೊಂದರೆ ಇರುವುದು ಆರಂಭದಲ್ಲಿ ಮತ್ತು ಅಂತ್ಯದಲ್ಲಿ. ಗಾಜಿನ ಕಾರ್ಖಾನೆಯಲ್ಲಿ ಪುಡಿಯನ್ನು ನಿರ್ವಹಿಸುವ ಕಾರ್ಮಿಕ ಅದರ ಧೂಳಿಗೆ ಒಡ್ಡಿಕೊಳ್ಳುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಆಂಟಿಮನಿ ಟ್ರೈಆಕ್ಸೈಡನ್ನು 1989ರಲ್ಲಿ ‘ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯುಳ್ಳದ್ದು’ ಎಂದು ಗುರುತಿಸಿತ್ತು. 2023ರಲ್ಲಿ ಪ್ರಕಟವಾದ ಮರುಪರಿಶೀಲನೆಯಲ್ಲಿ ತ್ರಿವೇಲೆನ್ಸಿಯ ಆಂಟಿಮನಿಯನ್ನು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ, ‘ಬಹುಮಟ್ಟಿಗೆ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿತು. ಕುಡಿಯುವ ನೀರಿನಲ್ಲಿ ಆಂಟಿಮನಿಯು ಲೀಟರಿಗೆ 20 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ.

ಅಂತ್ಯದ ತೊಂದರೆ ಗಾಜು ಒಡೆದು ಪುಡಿಯಾದಾಗ ಆರಂಭವಾಗುತ್ತದೆ. ಪುಡಿ ಸಣ್ಣದಾದಷ್ಟೂ ನೀರಿಗೆ ಸಿಗುವ ಮೈ ಹೆಚ್ಚುತ್ತದೆ. ತಿಪ್ಪೆಯ ಹುಳಿನೀರು ತಾಗಿದರೆ ಲೋಹದ ಅಂಶ ಜಿನುಗುವ ಸಂಭವವೂ ಹೆಚ್ಚು. ಪ್ರಮಾಣವನ್ನು ಲೆಕ್ಕದಿಂದ ಅರಿಯಬಹುದು. 550 ವ್ಯಾಟ್‌ನ ಒಂದು ಫಲಕದ ವಿಸ್ತೀರ್ಣ ಸುಮಾರು ಎರಡೂವರೆ ಚದರ ಮೀಟರ್. 3.2 ಮಿಲಿಮೀಟರ್ ದಪ್ಪದ ಅದರ ಗಾಜು ಹತ್ತಿರಹತ್ತಿರ 20 ಕಿಲೋ ತೂಗುತ್ತದೆ. ಅದರಲ್ಲಿ ಆಂಟಿಮನಿ 40ರಿಂದ 60 ಗ್ರಾಂ. ಆರು ಫಲಕಗಳ 3 ಕಿಲೋವ್ಯಾಟ್ ಮನೆಘಟಕದಲ್ಲಿ 240ರಿಂದ 360 ಗ್ರಾಂ ಆಗುತ್ತದೆ. ಕಾಫಿ ಕ್ಯೂರಿಂಗ್ ಘಟಕವೊಂದು 100 ಕಿಲೋವ್ಯಾಟ್ ಅಳವಡಿಸಿದರೆ ಸುಮಾರು 182 ಫಲಕಗಳು, ಮೂರೂವರೆ ಟನ್ನಿಗೂ ಮಿಕ್ಕ ಗಾಜು, ಏಳರಿಂದ ಹನ್ನೊಂದು ಕಿಲೋ ಆಂಟಿಮನಿ. ಎರಡೂ ಬದಿಗೆ ಗಾಜಿರುವ ಫಲಕಗಳಲ್ಲಿ ಈ ತೂಕ ಇನ್ನೂ ಹೆಚ್ಚುತ್ತದೆ.

ಗುಜರಿಯ ಲೆಕ್ಕ

ಸೋಲಾರ್ ಬೇಲಿಯ ಉಪಕರಣಗಳಲ್ಲಿ ಎರಡು ವಸ್ತುಗಳನ್ನು ಹೋಲಿಸಿದರೆ ವ್ಯಾಪಾರದ ದೃಷ್ಟಿಯಿಂದ ವಿಷಯ ಸ್ಪಷ್ಟವಾಗುತ್ತದೆ. ಬೇಲಿಯ ಬ್ಯಾಟರಿಯಲ್ಲಿ ಸೀಸವಿದೆ. ಅನೇಕ ಬ್ಯಾಟರಿಗಳ ಸೀಸದ ಫಲಕಗಳಲ್ಲಿ ಗಟ್ಟಿತನಕ್ಕಾಗಿ ಆಂಟಿಮನಿಯೂ ಬೆರೆತಿರುತ್ತದೆ. ವಿಷದ ದೃಷ್ಟಿಯಿಂದ ಬ್ಯಾಟರಿಯೇ ಹೆಚ್ಚು ಅಪಾಯಕಾರಿ. ಆದರೂ ಹಳೆಯ ಬ್ಯಾಟರಿಯನ್ನು ಯಾರೂ ಹಳ್ಳಕ್ಕೆ ಎಸೆಯುವುದಿಲ್ಲ. ಹಳತನ್ನು ಕೊಟ್ಟು ಹೊಸತನ್ನು ಕೊಳ್ಳುವಾಗ ಅದಕ್ಕೊಂದು ಬೆಲೆ ಸಿಗುತ್ತದೆ. ಬೆಲೆಯಿರುವುದರಿಂದ ಅದು ಅಂಗಡಿಗೆ ಮರಳಿ, ಅಂಗಡಿಯಿಂದ ಸೀಸ ಕರಗಿಸುವ ಘಟಕಕ್ಕೆ ತಲುಪುತ್ತದೆ.

ಕೊಂಬೆ ಬಿದ್ದೋ, ಆನೆ ತುಳಿದೋ ಒಡೆದ ಫಲಕದ ಗತಿ ಬೇರೆ. ಗುಜರಿಯವನಿಗೆ ಬೇಕಾದುದು ಅಲ್ಯೂಮಿನಿಯಂ ಚೌಕಟ್ಟು ಮತ್ತು ತಾಮ್ರದ ತಂತಿ. ಅವನ್ನು ಕಿತ್ತುಕೊಂಡ ಮೇಲೆ ಉಳಿಯುವ ಗಾಜು, ಅದಕ್ಕೆ ಅಂಟಿದ ಪ್ಲಾಸ್ಟಿಕ್ ಹಾಳೆ ಮತ್ತು ಸಿಲಿಕಾನ್ ತುಣುಕುಗಳಿಗೆ ಗಿರಾಕಿಯಿಲ್ಲ. ಬೆಲೆಯಿಲ್ಲದ ಸರಕು ಎಲ್ಲಿ ಸುಲಭವೋ ಅಲ್ಲಿ ಬೀಳುತ್ತದೆ. ವರ್ಷದ ನಾಲ್ಕು ತಿಂಗಳು ಧಾರಾಕಾರ ಮಳೆ ಸುರಿಯುವ, ಅನೇಕ ಹಳ್ಳ ತೊರೆಗಳು ಹಾರಂಗಿಗೋ ಲಕ್ಷ್ಮಣತೀರ್ಥಕ್ಕೋ ಸೇರಿ ಕಾವೇರಿಯಾಗುವ ಜಿಲ್ಲೆಯಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ.

ಗಾಜು ತಾನಾಗಿ ಪುನರ್ಬಳಕೆಗೆ ಅತ್ಯುತ್ತಮ ವಸ್ತು. ಒಡೆದ ಗಾಜನ್ನು ಕುಲುಮೆಗೆ ಸೇರಿಸಿದರೆ ಇಂಧನವೂ ಉಳಿಯುತ್ತದೆ. ಹಾಗಿದ್ದರೂ ಸೌರಗಾಜಿಗೆ ಗಿರಾಕಿ ಸಿಗದಿರಲು ಮುಖ್ಯ ಕಾರಣಗಳಲ್ಲಿ ಒಂದು ಆಂಟಿಮನಿಯೇ. ಕಿಟಕಿ ಗಾಜನ್ನು ತಯಾರಿಸುವ ಫ್ಲೋಟ್ ವಿಧಾನದಲ್ಲಿ ಕರಗಿದ ತವರದ ಮೇಲೆ ಗಾಜನ್ನು ಹರಿಸಲಾಗುತ್ತದೆ. ಆಂಟಿಮನಿಯು ಆ ತವರದೊಂದಿಗೆ ಪ್ರತಿಕ್ರಿಯಿಸಿ ಗಾಜಿನ ಮೈಯನ್ನು ಕೆಡಿಸುವುದರಿಂದ ಫ್ಲೋಟ್ ಕಾರ್ಖಾನೆಗಳು ಅಂತಹ ಚೂರನ್ನು ಒಪ್ಪುವುದಿಲ್ಲ. ಆಹಾರ, ಪಾನೀಯ ತುಂಬುವ ಬಾಟಲಿಗಳ ತಯಾರಕರೂ ಹಿಂಜರಿಯುತ್ತಾರೆ. ಗಾಜಿನಿಂದ ಆಂಟಿಮನಿಯನ್ನು ಹೊರಗಿಟ್ಟರೆ ನದಿಗೆ ಆಗುವ ಉಪಕಾರದ ಜೊತೆಗೆ ಆ ಗಾಜಿಗೆ ಮಾರುಕಟ್ಟೆಯ ಬಾಗಿಲೂ ತೆರೆಯುತ್ತದೆ.

ಭರೂಚ್‌ನ ಉದಾಹರಣೆ

ಆಂಟಿಮನಿ ಇಲ್ಲದೆ ಸೌರಗಾಜು ತಯಾರಾಗದು ಎಂಬ ವಾದವನ್ನು ಭಾರತದ ಕಾರ್ಖಾನೆಯೊಂದೇ ಸುಳ್ಳಾಗಿಸಿದೆ. ಗುಜರಾತಿನ ಭರೂಚ್ ಬಳಿ 2010ರಲ್ಲಿ ಸೌರಗಾಜಿನ ಉತ್ಪಾದನೆ ಆರಂಭಿಸಿದ ಗುಜರಾತ್ ಬೊರೊಸಿಲ್ ಈ ಕ್ಷೇತ್ರದಲ್ಲಿ ದೇಶದ ಮೊದಲ ಸಂಸ್ಥೆ. ಇಂದು ಅದು ಬೊರೊಸಿಲ್ ರಿನ್ಯೂವಬಲ್ಸ್ ಎಂಬ ಹೆಸರಿನಲ್ಲಿದೆ. ಆಂಟಿಮನಿ ಮುಕ್ತ ಸೌರಗಾಜನ್ನು ‘ನೋಸ್ಬೆರಾ’ ಎಂಬ ಹೆಸರಿನಲ್ಲಿ ಈ ಸಂಸ್ಥೆ ಮಾರುಕಟ್ಟೆಗೆ ತಂದಿತು. ತನ್ನ ವಿಧಾನಕ್ಕೆ ಭಾರತದಲ್ಲಿ ಪೇಟೆಂಟ್ ಪಡೆಯಿತು. 2023ರ ವೇಳೆಗೆ ಅದರ ಉತ್ಪಾದನಾ ಸಾಮರ್ಥ್ಯ ದಿನಕ್ಕೆ 450 ಟನ್ನಿನಿಂದ 1,000 ಟನ್ನಿಗೆ ಏರಿತು. ಪ್ರಯೋಗಶಾಲೆಯಲ್ಲಿ ಮಾತ್ರ ಸಾಧ್ಯವಾದ ಸಂಗತಿ ಇದಲ್ಲ ಎಂಬುದಕ್ಕೆ ಈ ಅಂಕಿಯೇ ಸಾಕ್ಷಿ.

ಆಂಟಿಮನಿಯನ್ನು ಬಿಡುವ ದಾರಿಯ ಮೂಲತತ್ತ್ವ ಸರಳ. ಮೊದಲನೆಯದಾಗಿ, ಕಬ್ಬಿಣದ ಅಂಶ ಆದಷ್ಟು ಕಡಿಮೆಯಿರುವ ಮರಳು ಮತ್ತಿತರ ಕಚ್ಚಾ ಸಾಮಗ್ರಿಯನ್ನು ಆಯ್ಕೆ ಮಾಡಬೇಕು. ಎರಡನೆಯದಾಗಿ, ಗುಳ್ಳೆ ತೆಗೆಯುವ ಕೆಲಸಕ್ಕೆ ಸೋಡಿಯಂ ಸಲ್ಫೇಟ್‌ನಂತಹ ಬದಲಿ ರಾಸಾಯನಿಕಗಳನ್ನು ಬಳಸಬೇಕು. ಫ್ಲೋಟ್ ಗಾಜಿನ ಉದ್ಯಮದಲ್ಲಿ ಇದು ಎಂದಿನಿಂದಲೂ ರೂಢಿಯಲ್ಲಿದೆ. ಮೂರನೆಯದಾಗಿ, ಕುಲುಮೆಯ ಉಷ್ಣಾಂಶ ಮತ್ತು ಆಮ್ಲಜನಕದ ಸಮತೋಲನವನ್ನು ಬಿಗಿಯಾಗಿ ಕಾಯ್ದುಕೊಳ್ಳಬೇಕು. ಆಂಟಿಮನಿ ಸುಲಭವಾಗಿ ಮಾಡಿಕೊಡುತ್ತಿದ್ದ ಕೆಲಸವನ್ನು ಶಿಸ್ತಿನಿಂದ ಮಾಡಿಸಿಕೊಳ್ಳಬೇಕಾಗುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಗಾಜಿನಲ್ಲಿ ಆಂಟಿಮನಿ ಇಲ್ಲವೆಂದ ಮಾತ್ರಕ್ಕೆ ಇಡೀ ಫಲಕ ವಿಷಮುಕ್ತವಾಗುವುದಿಲ್ಲ. ಸೆಲ್‌ಗಳನ್ನು ಜೋಡಿಸುವ ಬೆಸುಗೆಯಲ್ಲಿ ಸಾಮಾನ್ಯವಾಗಿ ಸೀಸವಿರುತ್ತದೆ. ಮಾರಾಟಗಾರರು ಒಂದನ್ನು ತೋರಿಸಿ ಇನ್ನೊಂದನ್ನು ಮರೆಮಾಚದಂತೆ ಗಿರಾಕಿ ನೋಡಿಕೊಳ್ಳಬೇಕು.

ಬೆಲೆ ಮತ್ತು ಸುಂಕದ ನೋಟ

ಸ್ವಚ್ಛ ಗಾಜು ದುಬಾರಿ ಎಂಬ ಭಾವನೆ ಸಹಜ. ಆದರೆ ಆಂಟಿಮನಿಯೂ ಅಗ್ಗದ ವಸ್ತುವಾಗಿ ಉಳಿದಿಲ್ಲ. ಜಗತ್ತಿನ ಗಣಿಗಳಲ್ಲಿ ದೊರೆಯುವ ಆಂಟಿಮನಿಯಲ್ಲಿ ಸುಮಾರು ಅರ್ಧದಷ್ಟು ಚೀನಾದ್ದು. 2024ರ ಆಗಸ್ಟ್‌ನಲ್ಲಿ ಆ ದೇಶ ರಫ್ತು ನಿಯಂತ್ರಣ ಘೋಷಿಸಿ ಸೆಪ್ಟೆಂಬರ್ 15ರಿಂದ ಜಾರಿಗೆ ತಂದಿತು. ಆ ವರ್ಷದ ಆರಂಭದಲ್ಲಿ ಟನ್ನಿಗೆ 12,000 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ ವರ್ಷಾಂತ್ಯದ ವೇಳೆಗೆ ಮೂರು ಪಟ್ಟಾಯಿತು. ಒಂದೇ ದೇಶದ ಮುಷ್ಟಿಯಲ್ಲಿರುವ ಕಚ್ಚಾವಸ್ತುವನ್ನು ನಂಬಿದ ಉದ್ಯಮ ಯಾವ ಗಳಿಗೆಯಲ್ಲಾದರೂ ಇಕ್ಕಟ್ಟಿಗೆ ಸಿಲುಕಬಹುದು ಎಂಬುದನ್ನು ಈ ಪ್ರಸಂಗ ತೋರಿಸಿತು.

ದೇಶೀಯ ಗಾಜಿನ ಪರವಾಗಿ ಸುಂಕನೀತಿಯೂ ತಿರುಗಿದೆ. ಚೀನಾದ ಸೌರಗಾಜಿನ ಮೇಲೆ 2017ರ ಆಗಸ್ಟ್‌ನಲ್ಲಿ ಐದು ವರ್ಷಗಳ ಅವಧಿಗೆ ಸುರಿ ತಡೆ ಸುಂಕ ವಿಧಿಸಲಾಗಿತ್ತು. ದೇಶದಲ್ಲಿ ಸಾಕಷ್ಟು ಉತ್ಪಾದನಾ ಸಾಮರ್ಥ್ಯವಿದೆ ಎಂಬ ಕಾರಣ ನೀಡಿ, 2024ರ ಜುಲೈ ತಿಂಗಳ ಬಜೆಟ್‌ನಲ್ಲಿ ಸೌರಗಾಜಿನ ಆಮದು ಸುಂಕದ ವಿನಾಯಿತಿಯನ್ನು ಸೆಪ್ಟೆಂಬರ್ 30ರ ನಂತರ ಮುಂದುವರಿಸುವುದಿಲ್ಲವೆಂದು ಪ್ರಕಟಿಸಲಾಯಿತು. ಅದೇ ಡಿಸೆಂಬರ್‌ನಲ್ಲಿ ಚೀನಾ ಮತ್ತು ವಿಯೆಟ್ನಾಂ ಗಾಜಿನ ಮೇಲೆ ತಾತ್ಕಾಲಿಕ ಸುರಿ ತಡೆ ಸುಂಕ ಬಂದಿತು. ಸುಂಕ ವಿದೇಶಿ ಗಾಜನ್ನು ದುಬಾರಿಯಾಗಿಸಬಲ್ಲದು, ಗಾಜನ್ನು ಸ್ವಚ್ಛಗೊಳಿಸಲಾರದು. ದೇಶೀಯ ಗಾಜೆಲ್ಲವೂ ಆಂಟಿಮನಿ ಮುಕ್ತ ಎಂದು ಭಾವಿಸುವುದೂ ಸರಿಯಲ್ಲ. ಸಾಕ್ಷ್ಯಪತ್ರ ಕೇಳಿಯೇ ತಿಳಿಯಬೇಕು.

ಕಾನೂನು ಎಲ್ಲಿಗೆ ಬಂದಿದೆ?

2022ರ ನವೆಂಬರ್ 2ರಂದು ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಸೌರಫಲಕ ಹಾಗೂ ಸೆಲ್‌ಗಳನ್ನು ತಮ್ಮ ವ್ಯಾಪ್ತಿಗೆ ತಂದವು. ಅವುಗಳ ತಯಾರಕರು ಮತ್ತು ಉತ್ಪಾದಕರು ನೋಂದಾಯಿಸಿಕೊಂಡು, ದಾಸ್ತಾನಿನ ಪ್ರತ್ಯೇಕ ಲೆಕ್ಕವಿಟ್ಟು, ವಾರ್ಷಿಕ ವಿವರಣೆ ಸಲ್ಲಿಸಬೇಕು. ಸಂಗ್ರಹವಾದ ತ್ಯಾಜ್ಯವನ್ನು 2034-35ರವರೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಯಂತೆ ಸುರಕ್ಷಿತವಾಗಿ ಇರಿಸಿಕೊಳ್ಳಬೇಕು. ಈ ನಿಯಮಗಳಲ್ಲಿ ಮಿತಿಗೊಳಪಟ್ಟ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ ಮೊದಲಾದ ಆರು ವಸ್ತುಗಳಿವೆ. ಆಂಟಿಮನಿ ಆ ಪಟ್ಟಿಯಲ್ಲಿಲ್ಲ. ಆದುದರಿಂದ ಇಂದು ಆಂಟಿಮನಿಯುಕ್ತ ಗಾಜನ್ನು ಮಾರುವವರು ಕಾನೂನು ಮುರಿದಂತಾಗುವುದಿಲ್ಲ. ಆಯ್ಕೆಯ ಹೊಣೆ ಗಿರಾಕಿಯ ಮೇಲೆ ಬೀಳುವುದು ಈ ಕಾರಣಕ್ಕಾಗಿಯೇ.

ವರ್ತಕರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ‘ಉತ್ಪಾದಕ’ ಎಂಬ ಪದದ ವ್ಯಾಖ್ಯೆಯಲ್ಲಿ ಕಾರ್ಖಾನೆ ನಡೆಸುವವರಷ್ಟೇ ಇಲ್ಲ. ಬೇರೆಯವರು ತಯಾರಿಸಿದ ಸರಕನ್ನು ತನ್ನ ಬ್ರಾಂಡಿನಲ್ಲಿ ಮಾರುವವರು, ಆಮದು ಮಾಡಿ ಮಾರುವವರು ಕೂಡ ಅದರೊಳಗೆ ಬರುತ್ತಾರೆ. ಅಗ್ಗದ ಫಲಕಗಳನ್ನು ತರಿಸಿ ಅಂಗಡಿಯ ಹೆಸರಿನ ಸ್ಟಿಕ್ಕರ್ ಅಂಟಿಸಿ ಮಾರುವ ಆಲೋಚನೆ ಇರುವವರು ಅದರೊಂದಿಗೆ ಬರುವ ಹೊಣೆಯನ್ನೂ ಎಣಿಸಬೇಕು.

ಹೊಣೆಯ ಗಾತ್ರ ಚಿಕ್ಕದೇನಲ್ಲ. ದೆಹಲಿಯ ಇಂಧನ, ಪರಿಸರ ಮತ್ತು ಜಲ ಮಂಡಳಿ ಎಂಬ ಅಧ್ಯಯನ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022-23ರವರೆಗೆ ದೇಶದಲ್ಲಿ ಸ್ಥಾಪಿತವಾದ ಸೌರಘಟಕಗಳಿಂದ ಸುಮಾರು 1 ಲಕ್ಷ ಟನ್ ತ್ಯಾಜ್ಯ ಉಂಟಾಗಿದ್ದು, 2030ರ ವೇಳೆಗೆ ಅದು 3.4 ಲಕ್ಷ ಟನ್ ತಲುಪುವ ಅಂದಾಜಿದೆ. ಹೆಚ್ಚು ತ್ಯಾಜ್ಯ ಬರುವ ಐದು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸೌರ ಉದ್ಯಾನದ ಫಲಕಗಳು ಮುಂದೊಂದು ದಿನ ಒಟ್ಟಿಗೆ ಇಳಿಯಲಿವೆ. ಆ ಹೊತ್ತಿಗೆ ರಾಜ್ಯದಲ್ಲಿ ಗಾಜಿನ ಪುನರ್ಬಳಕೆಯ ಉದ್ಯಮ ಬೆಳೆದರೆ, ಅದು ಶುದ್ಧ ಗಾಜಿಗೆ ಒಂದು ದರ, ಆಂಟಿಮನಿಯುಕ್ತ ಗಾಜಿಗೆ ಇನ್ನೊಂದು ದರ ಹೇಳುವುದು ವ್ಯಾಪಾರದ ಸಹಜ ನಿಯಮ.

ಲೆಕ್ಕಪುಸ್ತಕದಲ್ಲಿ ಕಾಣದ ಬಾಬ್ತು

ಸೌರ ಉಪಕರಣಗಳ ಮೇಲೆ ಆದಾಯ ತೆರಿಗೆಯಲ್ಲಿ ದೊರೆಯುವ ಸವಕಳಿ ಹಿಂದೆ ಶೇ. 80ರಷ್ಟಿತ್ತು, 2017-18ರಿಂದ ಅದನ್ನು ಶೇ. 40ಕ್ಕೆ ಮಿತಿಗೊಳಿಸಲಾಯಿತು. ರೂ. 50 ಲಕ್ಷದ ಘಟಕಕ್ಕೆ ಶೇ. 40ರ ಇಳಿಕೆ ಮೌಲ್ಯದ ವಿಧಾನದಲ್ಲಿ ಲೆಕ್ಕ ಹಾಕಿದರೆ, ಐದು ಪೂರ್ಣ ವರ್ಷಗಳ ಕೊನೆಗೆ ಉಳಿಯುವ ಮೌಲ್ಯ ರೂ. 3.89 ಲಕ್ಷ. ಪುಸ್ತಕದಲ್ಲಿ ಆಸ್ತಿ ಬಹುತೇಕ ಕರಗಿರುತ್ತದೆ. ಚಾವಣಿಯ ಮೇಲೆ ಮೂರೂವರೆ ಟನ್ ಗಾಜು ಇನ್ನೂ ಇಪ್ಪತ್ತು ವರ್ಷ ಕುಳಿತಿರುತ್ತದೆ. ಕೊನೆಗೆ ಅದನ್ನು ಇಳಿಸುವ, ಘಟ್ಟದಿಂದ ಕೆಳಗೆ ಸಾಗಿಸುವ, ಪುನರ್ಬಳಕೆದಾರನಿಗೆ ಒಪ್ಪಿಸುವ ಖರ್ಚು ಯಾವ ಬಾಬ್ತಿನಲ್ಲೂ ಕಾಣುವುದಿಲ್ಲ.

ಲೆಕ್ಕಪತ್ರ ಮಾನದಂಡ 10, ಆಸ್ತಿಯನ್ನು ಕಳಚಿ ತೆರವುಗೊಳಿಸುವ ಬಾಧ್ಯತೆ ಇರುವೆಡೆ ಅದರ ಅಂದಾಜು ವೆಚ್ಚವನ್ನು ಆಸ್ತಿಯ ಮೂಲಬೆಲೆಗೆ ಸೇರಿಸಬೇಕೆನ್ನುತ್ತದೆ. ಬಾಡಿಗೆ ಕಟ್ಟಡ ಅಥವಾ ಗುತ್ತಿಗೆ ಜಾಗದಲ್ಲಿ ಘಟಕ ಹಾಕಿದವರು ಕರಾರುಪತ್ರವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದುವುದು ಒಳಿತು. ಅಂತಹ ಬಾಧ್ಯತೆ ಇಲ್ಲದವರೂ ಸಣ್ಣ ಮೊತ್ತವನ್ನು ಬದಿಗಿಡುವುದು ಜಾಣತನ. ಕೊನೆಯ ಖರ್ಚು ಒಂದು ಲಕ್ಷವೆಂದು ಭಾವಿಸಿದರೂ, ಇಪ್ಪತ್ತೈದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ನಾಲ್ಕು ಸಾವಿರ ರೂಪಾಯಿ ಮಾತ್ರ. ಗಾಜಿಗೆ ಗಿರಾಕಿ ಸಿಗುವಂತಿದ್ದರೆ ಈ ಮೊತ್ತವೂ ತಗ್ಗುತ್ತದೆ.

ಖರೀದಿ ಆದೇಶದಲ್ಲಿ ಏನಿರಬೇಕು?

ಕೊಡಗಿನ ಕಾಫಿ ವ್ಯಾಪಾರಿಗಳಿಗೆ ದಾಖಲೆ ಕೇಳಿಸಿಕೊಳ್ಳುವುದು ಹೊಸತಲ್ಲ. ಐರೋಪ್ಯ ಒಕ್ಕೂಟವು 2023ರಲ್ಲಿ ಅರಣ್ಯನಾಶ ತಡೆ ನಿಯಮವನ್ನು ತಂದಂದಿನಿಂದ, ಅದರ ಅನ್ವಯದ ದಿನಾಂಕ ಮುಂದೆ ಮುಂದೆ ಹೋಗುತ್ತಿದ್ದರೂ, ಕಾಫಿ ಬೆಳೆದ ಜಮೀನಿನ ಗುರುತನ್ನು ವಿದೇಶಿ ಗಿರಾಕಿ ಕೇಳತೊಡಗಿದ್ದಾನೆ. ತಾವು ಮಾರುವಾಗ ಕೊಡಬೇಕಾದ ಲೆಕ್ಕವನ್ನು ತಾವು ಕೊಳ್ಳುವಾಗ ಕೇಳುವುದು ನ್ಯಾಯವೇ ಆಗಿದೆ. ಫಲಕ ಖರೀದಿಸುವವರು ಆದೇಶಪತ್ರದಲ್ಲಿ ಈ ಅಂಶಗಳನ್ನು ಸೇರಿಸಬಹುದು:

1. ಫಲಕದ ಮುಂಭಾಗದ ಹಾಗೂ ಹಿಂಭಾಗದ ಗಾಜು ಆಂಟಿಮನಿ ಮತ್ತು ಆರ್ಸೆನಿಕ್ ಮುಕ್ತವಾಗಿದೆ ಎಂಬ ಗಾಜು ತಯಾರಕರ ಲಿಖಿತ ಘೋಷಣೆ. ಮಾರಾಟಗಾರರ ಬಾಯಿಮಾತು ಸಾಲದು.

2. ಘೋಷಣೆಯಲ್ಲಿ ಫಲಕದ ಮಾದರಿ ಸಂಖ್ಯೆ ನಮೂದಾಗಿರಬೇಕು. ಬಿಲ್ಲಿನಲ್ಲಿ ಪ್ರತಿ ಫಲಕದ ಕ್ರಮಸಂಖ್ಯೆ ಇರಬೇಕು.

3. ದೊಡ್ಡ ಖರೀದಿಯಾದರೆ ಪ್ರಯೋಗಶಾಲೆಯ ಎಕ್ಸ್-ರೇ ಫ್ಲೋರೆಸೆನ್ಸ್ ಪರೀಕ್ಷೆಯ ವರದಿ. ಗಾಜಿನಲ್ಲಿರುವ ಆಂಟಿಮನಿಯನ್ನು ಈ ಪರೀಕ್ಷೆ ಗುರುತಿಸುತ್ತದೆ.

4. ಒಡೆದ ಅಥವಾ ಅವಧಿ ಮುಗಿದ ಫಲಕಗಳನ್ನು ಮರಳಿ ಪಡೆಯುವವರು ಯಾರು, ಸಾಗಣೆ ವೆಚ್ಚ ಯಾರದು ಎಂಬ ಸ್ಪಷ್ಟ ಷರತ್ತು; ಉತ್ಪಾದಕರ ಇ-ತ್ಯಾಜ್ಯ ನೋಂದಣಿ ಸಂಖ್ಯೆ.

ಈ ಕಾಗದಗಳನ್ನು ಯಂತ್ರೋಪಕರಣಗಳ ಕಡತದಲ್ಲಿ ಇಪ್ಪತ್ತೈದು ವರ್ಷ ಕಾಪಾಡಬೇಕು. ಗುಜರಿಗೆ ಹೋಗುವ ದಿನ ಗಾಜಿನ ಜಾತಕ ಹೇಳುವುದು ಅದೊಂದೇ.

ಹತ್ತು ಫಲಕ ಕೊಳ್ಳುವ ಒಬ್ಬ ಗಿರಾಕಿಯ ಮಾತಿಗೆ ಕಂಪನಿಗಳು ಕಿವಿಗೊಡದಿರಬಹುದು. ಆದರೆ ಜಿಲ್ಲೆಯ ಕ್ಯೂರಿಂಗ್ ಘಟಕಗಳು, ಹೋಂಸ್ಟೇ ಮಾಲೀಕರು, ಬೆಳೆಗಾರರ ಸಹಕಾರ ಸಂಘಗಳು ಮತ್ತು ಅಂಗಡಿಕಾರರು ಒಂದೇ ಷರತ್ತನ್ನು ಒಟ್ಟಾಗಿ ಮುಂದಿಟ್ಟರೆ ಫಲಕ ಪೂರೈಸುವ ಡೀಲರ್‌ ಅದನ್ನು ಮೇಲಿನವರಿಗೆ ತಲುಪಿಸಲೇಬೇಕಾಗುತ್ತದೆ. ಒಡೆದ ಫಲಕಗಳನ್ನು ಮಳೆಗೆ ಬಿಡದೆ ಸೂರಿನಡಿ ಕೂಡಿಟ್ಟು, ಲೋಡು ತುಂಬಿದಾಗ ನೋಂದಾಯಿತ ಪುನರ್ಬಳಕೆದಾರರಿಗೆ ಕಳುಹಿಸುವ ಸಾಮೂಹಿಕ ವ್ಯವಸ್ಥೆಯನ್ನು ವಾಣಿಜ್ಯ ಸಂಸ್ಥೆಗಳು ಯೋಚಿಸಬಹುದು. ಒಬ್ಬೊಬ್ಬರಿಗೆ ಭಾರವಾಗುವ ಸಾಗಣೆ ವೆಚ್ಚ ಹಲವರು ಸೇರಿದಾಗ ಹಗುರವಾಗುತ್ತದೆ.

ಬಿಸಿಲಿನಿಂದ ವಿದ್ಯುತ್ ಪಡೆಯುವ ಕೆಲಸ ಒಳ್ಳೆಯದು, ಲಾಭದಾಯಕವೂ ಹೌದು. ಆ ಲಾಭದ ಲೆಕ್ಕ ಕೊನೆಯ ಸಾಲಿನವರೆಗೂ ಸರಿಯಾಗಿರಬೇಕಾದರೆ ಗಾಜಿನ ಪ್ರಶ್ನೆಯನ್ನು ಮುಂಗಡ ಹಣ ಕೊಡುವ ಮೊದಲೇ ಕೇಳಬೇಕು. ಫಲಕ ಚಾವಣಿ ಏರಿದ ಮೇಲೆ ಆ ಪ್ರಶ್ನೆಗೆ ಉತ್ತರ ಸಿಕ್ಕರೂ ಅದರಿಂದ ಗಿರಾಕಿಗೆ ಪ್ರಯೋಜನವಿಲ್ಲ.